ಅಜ್ಜಿಯ ಕರಿಮಣಿಯ ಎರಡು ಹವಳ: ಬೆಂಗಳೂರಿನಲ್ಲಿ ಆರು ದಿನ

ಮೊದಲ ದಿನ, ಸೋಮವಾರ

ಪಂಚಗಂಗಾ ಎಕ್ಸ್‌ಪ್ರೆಸ್ ಯಶವಂತಪುರಕ್ಕೆ ಬಂದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ಸಂಜೆ ಕುಮಟಾದಲ್ಲಿ ಹತ್ತಿದ್ದೆ. ರಾತ್ರಿಯಿಡೀ ಬ್ಯಾಗಿನ ಒಳಜೇಬಿನ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದೆ. ಅದರಲ್ಲಿ ಒಂದು ಹಳೆಯ ಕುಂಕುಮದ ಭರಣಿ. ಭರಣಿಯೊಳಗೆ ಹತ್ತಿ, ಹತ್ತಿಯೊಳಗೆ ಎರಡು ಕೆಂಪು ಮಣಿ.

ಅಜ್ಜಿಯಿಂದ ಅಮ್ಮನಿಗೆ ಬಂದ ಕರಿಮಣಿ ಸರ ಈ ಮಳೆಗಾಲದಲ್ಲಿ ಹರಿದುಹೋಯಿತು. ಅಮ್ಮ ನೆಲದ ಮೇಲೆ ಕೂತು ಒಂದೊಂದೇ ಮಣಿ ಹೆಕ್ಕಿದರು. ತಾಳಿಯ ಎರಡೂ ಬದಿಗೆ ಒಂದೊಂದು ಹವಳ ಇತ್ತು. ಒಂದು ಮಂಕಾದ ಇಟ್ಟಿಗೆ ಬಣ್ಣದ್ದು, ಬಿದ್ದ ಹೊಡೆತಕ್ಕೆ ಎರಡು ಹೋಳಾಗಿತ್ತು. ಇನ್ನೊಂದು ಕಡುಗೆಂಪು, ಫಳಫಳ ಹೊಳೆಯುತ್ತಿತ್ತು. ಯಾವುದೋ ಜಾತ್ರೆಯಲ್ಲಿ ಅಜ್ಜಿ ಒಂದು ಹವಳ ಬದಲಾಯಿಸಿದ್ದರಂತೆ. ಯಾವುದನ್ನು ಅಂತ ಅಮ್ಮನಿಗೆ ನೆನಪಿಲ್ಲ. "ಯಾವ್ದು ಅಸಲಿ, ಯಾವ್ದು ನಕಲಿ ಅಂತ ಕೇಳ್ಕೊಂಡು ಬಾ" ಅಂದರು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ದಸರಾ ರಜೆ ಇತ್ತು. ಸಹಕಾರನಗರದಲ್ಲಿ ಅಕ್ಕನ ಮನೆ ಇದೆ. ಅದಕ್ಕಿಂತ ಮುಖ್ಯವಾಗಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಉತ್ತರ ಬೆಂಗಳೂರಿನ ಒಂದು ಲ್ಯಾಬಿನಲ್ಲಿದ್ದಾಳೆ. ಪಿಎಚ್‌ಡಿ ಮಾಡಿದ್ದೇ ಆಳ ಸಮುದ್ರದ ಹವಳಗಳ ಡಿಎನ್‌ಎ ಮೇಲೆ. ಫೋನ್ ಮಾಡಿ ವಿಷಯ ಹೇಳಿದ ಕೂಡಲೇ "ಮಣಿ ತಗೊಂಡು ಬನ್ನಿ ಮೇಡಂ" ಅಂದಿದ್ದಳು.

ಆದರೆ ಮೊದಲು ಅಕ್ಕಸಾಲಿಗರ ಕಣ್ಣಿಗೆ ತೋರಿಸಬೇಕು ಅನ್ನಿಸಿತು. ಅಕ್ಕನ ಮನೆಯಲ್ಲಿ ತಿಂಡಿ ಮುಗಿಸಿ ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್, ಚಿಕ್ಕಪೇಟೆ. ಅವೆನ್ಯೂ ರಸ್ತೆ ದಾಟಿ ನಗರ್ತಪೇಟೆಯ ಗಲ್ಲಿಯೊಳಗೆ ಹೋದರೆ ಸಣ್ಣ ಸಣ್ಣ ಕೋಣೆಗಳಲ್ಲಿ ಚಿನ್ನದ ಕೆಲಸ. ಒಬ್ಬ ಹಿರಿಯರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಎರಡೂ ಮಣಿಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ನೋಡಮ್ಮ, ಈ ಹಳೇದ್ರಲ್ಲಿ ಗೆರೆ ಕಾಣುತ್ತಾ? ಕೂದಲಿಗಿಂತ ಸಣ್ಣ. ಪಕ್ಕಪಕ್ಕದಲ್ಲೇ ಇವೆ. ಇದ್ರಲ್ಲಿ ನೋಡು, ಗೆರೆ ಅಗಲ." ಆಮೇಲೆ ಹತ್ತಿಗೆ ನೇಲ್ ಪಾಲಿಶ್ ತೆಗೆಯುವ ದ್ರವ ಹಚ್ಚಿ ಹೊಳೆಯುವ ಮಣಿಯನ್ನು ಉಜ್ಜಿದರು. ಹತ್ತಿ ಕೆಂಪಾಯಿತು. "ಬಣ್ಣ ಹಾಕಿದ್ದು. ನಕಲಿ" ಅಂದರು. ಹಳೆಯದನ್ನು ಉಜ್ಜಿದರೆ ಹತ್ತಿ ಬೆಳ್ಳಗೇ ಉಳಿಯಿತು.

ಅಷ್ಟಕ್ಕೇ ವಾಪಸ್ ಹೋಗಬಹುದಿತ್ತು. ಆದರೆ ಹಳೆಯದು ಯಾವ ಸಮುದ್ರದ್ದು ಅಂತ ಕೇಳಿದೆ. ಇಟಲಿಯದ್ದೋ ಜಪಾನಿನದ್ದೋ ಇರಬೇಕು, ಜಪಾನಿನದ್ದಾದರೆ ಎಷ್ಟೋ ಸಲ ನಡುವೆ ಬಿಳಿ ತಿರುಳಿರುತ್ತೆ, ಇಷ್ಟು ಚಿಕ್ಕ ಮಣಿಯಲ್ಲಿ ಹೇಳೋಕಾಗಲ್ಲ ಅಂದರು. ಬಣ್ಣ ಹಾಕಿದ್ದು ಏನು ಅಂತ ಕೇಳಿದರೆ ಅವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನಕಲಿ ಅಂದ್ರೆ ನಕಲಿ ಅಮ್ಮ, ಇನ್ನೇನು?"

ಆ ಮಾತು ಮೆಟ್ರೋದಲ್ಲಿ ವಾಪಸ್ ಬರುವಾಗಲೂ ತಲೆಯಲ್ಲೇ ಇತ್ತು. ಗೆರೆ ಇದೆ ಅಂದಮೇಲೆ ಅದೂ ಬೆಳೆದದ್ದೇ ಅಲ್ವಾ? ಗಾಜಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಬೆಳವಣಿಗೆಯ ಗೆರೆ ಎಲ್ಲಿಂದ ಬರಬೇಕು?

ಎರಡನೇ ದಿನ, ಮಂಗಳವಾರ

ಲ್ಯಾಬಿನ ಬಾಗಿಲಲ್ಲೇ ಹುಡುಗಿ ನನಗೆ ಬಿಳಿ ಕೋಟು, ಕೈಗವಸು, ತಲೆಗೆ ಟೋಪಿ ಕೊಟ್ಟಳು. ಹತ್ತನೇ ಕ್ಲಾಸು ಮುಗಿಸಿ ನನ್ನ ಮುಂದೆ ಕೂತು ಕಪ್ಪೆಯ ಚಿತ್ರ ಬಿಡಿಸುತ್ತಿದ್ದವಳು. ಈಗ ನನಗೆ ಎಲ್ಲಿ ಕೈ ಇಡಬೇಕು, ಎಲ್ಲಿ ಇಡಬಾರದು ಅಂತ ಹೇಳಿಕೊಡುತ್ತಿದ್ದಾಳೆ. ನನಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಮೊದಲು ಹೊಳೆಯುವ ಮಣಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ದಾರ ಹೋಗುವ ರಂಧ್ರದ ಅಂಚಿನಲ್ಲಿ ಬಣ್ಣ ತಲುಪಿರಲಿಲ್ಲ. ಅಲ್ಲಿ ಮಣಿ ಹಾಲಿನ ಕೆನೆಯಂತೆ ಬಿಳಿ. ಒಳಗಿನಿಂದ ಹೊರಕ್ಕೆ ಉಂಗುರ ಉಂಗುರವಾಗಿ ಪದರಗಳು, ಮರ ಕೊಯ್ದರೆ ಕಾಣುವ ಹಾಗೆ. "ಮೇಡಂ, ಇದು ಬಿದಿರು ಹವಳ ಇರಬೇಕು" ಅಂದಳು. ಕೊಂಬೆ ನೋಡೋಕೆ ಬಿದಿರಿನ ಹಾಗೆ ಗಿಣ್ಣು ಗಿಣ್ಣಾಗಿ ಇರುತ್ತದಂತೆ. ಬಿಳಿ ಸುಣ್ಣದ ತುಂಡು, ಮಧ್ಯೆ ಕಂದು ಬಣ್ಣದ ಪ್ರೋಟೀನಿನ ಗಿಣ್ಣು, ಮತ್ತೆ ಬಿಳಿ ತುಂಡು. ಆ ಬಿಳಿ ತುಂಡನ್ನೇ ಕೊರೆದು, ಕೆಂಪು ಬಣ್ಣ ಹಾಕಿ, ಹವಳ ಅಂತ ಮಾರುತ್ತಾರೆ.

"ಹಾಗಾದ್ರೆ ಅದೂ ಹವಳವೇ!"

"ಹವಳವೇ ಮೇಡಂ. ಆದ್ರೆ ಯಾವ ಬಿದಿರು ಹವಳ ಅನ್ನೋದು ಕಣ್ಣಿಗೆ ಗೊತ್ತಾಗಲ್ಲ."

ಇಲ್ಲಿಂದಲೇ ವಿಷಯ ಶುರು. ಈ ಜಾತಿಯ ಹವಳಗಳಲ್ಲಿ, ಕೊಂಬೆಗೆ ಅಂಟಿಕೊಂಡಿರುವ ಪುಟ್ಟ ಪ್ರಾಣಿಯಾದ ಒಂದೊಂದು ಪಾಲಿಪ್‌ಗೂ ಎಂಟು ಗ್ರಹಣಾಂಗಗಳಿರುತ್ತವೆ. ಅದಕ್ಕೇ ಇವು ಆಕ್ಟೋಕೋರಲ್. ಇವುಗಳ ಮಾಂಸದಲ್ಲಿ ಸುಣ್ಣದ ಅತಿ ಸಣ್ಣ ಮುಳ್ಳುಗಳು ಹುದುಗಿರುತ್ತವೆ. ಹಿಂದಿನಿಂದಲೂ ಪ್ರಭೇದ ಗುರುತಿಸುವವರು ಒಂದು ಚೂರು ಮಾಂಸವನ್ನು ಬ್ಲೀಚಿನಲ್ಲಿ ಕರಗಿಸಿ, ಉಳಿದ ಮುಳ್ಳುಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರು ಹೇಳುತ್ತಿದ್ದರು. ಇಂದಿಗೂ ಹಾಗೇ ಮಾಡುತ್ತಾರೆ. ವರ್ಷಗಟ್ಟಲೆ ಪಳಗಿದ ಕಣ್ಣು ಬೇಕು. ಆದರೆ ಉಜ್ಜಿ ಪಾಲಿಶ್ ಮಾಡಿದ ಮಣಿಯಲ್ಲಿ ಮಾಂಸ ಎಲ್ಲಿಂದ ಬರಬೇಕು? ಉಳಿದಿರುವುದು ಅಸ್ಥಿ ಮಾತ್ರ. ಆ ಅಸ್ಥಿ ಬೆಳೆಯುವಾಗ ಅದರೊಳಗೆ ಸಿಕ್ಕಿಬಿದ್ದ ಡಿಎನ್‌ಎಯ ಚೂರುಗಳನ್ನೇ ನಂಬಬೇಕು.

ಸಣ್ಣ ಡ್ರಿಲ್‌ನಿಂದ ಎರಡೂ ಮಣಿಗಳ ರಂಧ್ರದ ಒಳಗೋಡೆಯನ್ನು ಕೆರೆದಳು. ಹೊರಗಿನಿಂದ ಮಣಿಗೆ ಗೀರೂ ಬೀಳಲಿಲ್ಲ. ಸಾಸಿವೆ ಕಾಳಿನಷ್ಟು ಪುಡಿ ಬಂತು, ಅಷ್ಟೇ ಸಾಕಂತೆ. ನನಗೊಂದು ಅನುಮಾನ ಬಂತು. ಅಜ್ಜಿ, ಅಮ್ಮ ಇಬ್ಬರೂ ಅಷ್ಟು ವರ್ಷ ಕತ್ತಿನಲ್ಲಿ ಹಾಕಿಕೊಂಡಿದ್ದು. ಆ ರಂಧ್ರದಲ್ಲಿ ಅವರ ಬೆವರು, ಚರ್ಮ ಎಲ್ಲ ಇರಲ್ವಾ? ಹವಳದ ಬದಲು ಅಜ್ಜಿಯ ಡಿಎನ್‌ಎ ಬಂದರೆ?

ಹುಡುಗಿಯ ಮುಖ ಅರಳಿತು. "ಅದಕ್ಕೇ ಮೇಡಂ ನಾವು ಮ್ಯೂಟ್‌ಎಸ್ ಅನ್ನೋ ಜೀನ್ ಹುಡುಕೋದು." ಪ್ರಾಣಿಗಳಲ್ಲಿ ಆಕ್ಟೋಕೋರಲ್‌ಗಳ ಮೈಟೋಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದಲ್ಲಿ, ಮಾತ್ರ ಇರುವ ಜೀನ್ ಅದು. ಮನುಷ್ಯರ ಮೈಟೋಕಾಂಡ್ರಿಯಾದಲ್ಲಿ ಇಲ್ಲ, ಮೀನಿನದ್ದರಲ್ಲಿ ಇಲ್ಲ, ದಿಬ್ಬ ಕಟ್ಟುವ ಕಲ್ಲು ಹವಳಗಳದ್ದರಲ್ಲೂ ಇಲ್ಲ. ಯಾವುದೋ ಕಾಲದಲ್ಲಿ ಬೇರೆ ಜೀವಿಯಿಂದ ಬಂದು ಸೇರಿಕೊಂಡಿರಬೇಕು ಅನ್ನುತ್ತಾರೆ. ಹಾಗಾಗಿ ಅಜ್ಜಿಯ ಡಿಎನ್‌ಎ ಎಷ್ಟೇ ಇದ್ದರೂ ಅದು ಅಡ್ಡ ಬರುವುದಿಲ್ಲ. ನಾನು ಇಷ್ಟು ವರ್ಷ ಮೈಟೋಕಾಂಡ್ರಿಯಾ ಪಾಠ ಮಾಡಿದ್ದೇನೆ, ಈ ವಿಷಯ ಗೊತ್ತಿರಲಿಲ್ಲ. ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಎರಡು ಗೆರೆ ಎಳೆದೆ.

ಸುಣ್ಣದ ಅಂಶ ಕರಗಲು ಪುಡಿಗೆ ಇಡಿಟಿಎ ಹಾಕಿದಳು, ಪ್ರೋಟೀನು ಕರಗಲು ಪ್ರೋಟೀನೇಸ್ ಕೆ. 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಜೊತೆಗೆ ಒಂದು ಖಾಲಿ ಟ್ಯೂಬು, ಅದರಲ್ಲಿ ಪುಡಿ ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಆ ಖಾಲಿ ಟ್ಯೂಬಿನಲ್ಲಿ ನಾಳೆ ಡಿಎನ್‌ಎ ಕಂಡರೆ ಎಲ್ಲೋ ಕಲಬೆರಕೆಯಾಗಿದೆ ಅಂತ ಅರ್ಥ, ಆಗ ಎಲ್ಲವನ್ನೂ ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಮೂರನೇ ದಿನ, ಬುಧವಾರ

ಇವತ್ತು ಬೇಸರದ ದಿನ. ಡಿಎನ್‌ಎ ಚೂರಿನ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರ 95 ಡಿಗ್ರಿಗೆ ಏರಿ, 50ರ ಆಸುಪಾಸಿಗೆ ಇಳಿದು, 72ಕ್ಕೆ ಬಂದು, ಮತ್ತೆ ಏರುತ್ತದೆ. ಒಂದೊಂದು ಸುತ್ತಿಗೂ ಜೀನಿನ ಪ್ರತಿ ಎರಡು ಪಟ್ಟು. 35 ಸುತ್ತಾದರೆ ಲೆಕ್ಕದ ಪ್ರಕಾರ ಒಂದು ಚೂರು 3,400 ಕೋಟಿ ಆಗಬೇಕು. ಸಂಜೆ ಆ ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ಯುವಿ ಬೆಳಕಿನಲ್ಲಿ ನೋಡಿದೆವು. ಹೊಳೆಯುವ ಮಣಿಯದ್ದು ಒಂದು ಮಸುಕು ಗೆರೆ. ಖಾಲಿ ಟ್ಯೂಬು ಖಾಲಿಯೇ, ಸದ್ಯ. ಆದರೆ ಅಜ್ಜಿಯ ಹಳೆಯ ಹವಳದ ಜಾಗದಲ್ಲಿ ಏನೂ ಇಲ್ಲ. ಕಪ್ಪು.

ಹಳೆಯ ಡಿಎನ್‌ಎ ತುಂಡು ತುಂಡಾಗಿರುತ್ತದೆ. ಉದ್ದದ ಚೂರು ಹುಡುಕಿದರೆ ಸಿಗುವುದಿಲ್ಲ. ರಂಧ್ರದ ಭಾಗಕ್ಕೆ ಅದೆಷ್ಟು ವರ್ಷ ಸೋಪು, ಬಿಸಿನೀರು, ಎಣ್ಣೆ ಇಳಿದಿದೆಯೋ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, "ಮೇಡಂ, ಒಡೆದ ಹೋಳಿನ ಒಳಮುಖದಿಂದ ತೆಗೆಯೋಣ್ವಾ? ಅಲ್ಲಿಗೆ ನೀರು ಹೋಗಿರಲ್ಲ" ಅಂದಳು. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಒಡೆದದ್ದು ಹೇಗೂ ಒಡೆದಿದೆ, ತೆಗಿ" ಅಂದರು. ಹೊಸ ಪುಡಿ, ಮತ್ತೊಂದು ರಾತ್ರಿ 56 ಡಿಗ್ರಿ.

ನಾಲ್ಕನೇ ದಿನ, ಗುರುವಾರ

ಈ ಸಲ ಜೀನನ್ನು ಸಣ್ಣ ಸಣ್ಣ ತುಂಡುಗಳಾಗಿ ಹುಡುಕಿದಳು. ಯಂತ್ರ ಓಡುತ್ತಿದ್ದಾಗ ಕ್ಯಾಂಟೀನಿನಲ್ಲಿ ಕೂತು ಹಡಗಿನ ಕಥೆ ಹೇಳಿದಳು.

ಪಿಎಚ್‌ಡಿ ಮಾಡುವಾಗ ಹೊರದೇಶದ ಒಂದು ಹಡಗಿನಲ್ಲಿ ಹೋಗಿದ್ದಳಂತೆ. ಜನ ಇಲ್ಲದ ಯಂತ್ರವನ್ನು ಕೇಬಲ್ಲಿನಲ್ಲಿ ಕೆಳಗೆ ಬಿಡುತ್ತಾರೆ. ಒಂದು ಸಾವಿರ ಮೀಟರಿಗೂ ಕೆಳಗೆ. ಅಲ್ಲಿ ಸೂರ್ಯನ ಬೆಳಕೇ ಇಲ್ಲ. ಹಾಗಾಗಿ ಲಕ್ಷದ್ವೀಪದ ಹವಳಗಳ ಮೈಯಲ್ಲಿರುವ ಪಾಚಿ ಇವಕ್ಕಿಲ್ಲ. ನೀರಿನಲ್ಲಿ ತೇಲಿಬರುವ ಚೂರುಪಾರನ್ನು ಹಿಡಿದು ತಿನ್ನಬೇಕು. ಯಂತ್ರದ ಕೈ ಬಿದಿರು ಹವಳದ ಒಂದು ಕೊಂಬೆ ಮುಟ್ಟಿತು. ದೀಪ ಆರಿಸಿ ನೋಡಿದರಂತೆ. ಮುಟ್ಟಿದ ಕಡೆಯಿಂದ ನೀಲಿ ಬೆಳಕು ಕೊಂಬೆಯುದ್ದಕ್ಕೂ ಹರಿಯಿತು.

"ಆವತ್ತು ಅತ್ತುಬಿಟ್ಟೆ ಮೇಡಂ" ಅಂದಳು. ನನ್ನ ಕಣ್ಣೂ ತುಂಬಿತು.

ಈ ಬೆಳಕಿನ ವಿಷಯವನ್ನೂ ಡಿಎನ್‌ಎಯಿಂದಲೇ ಹಿಂದಕ್ಕೆ ಲೆಕ್ಕ ಹಾಕಿದ್ದಾರೆ. ಆಕ್ಟೋಕೋರಲ್‌ಗಳ ವಂಶವೃಕ್ಷ ಕಟ್ಟಿ ನೋಡಿದಾಗ ಇವುಗಳ ಪೂರ್ವಜರು ಸುಮಾರು 54 ಕೋಟಿ ವರ್ಷಗಳ ಹಿಂದೆಯೇ ಬೆಳಕು ಸೂಸುತ್ತಿದ್ದವು ಅಂತ 2024ರಲ್ಲಿ ಪ್ರಕಟವಾಯಿತು.

ಮೇಲೆ ತಂದ ಹವಳದ ಒಂದು ಚೂರನ್ನು ಕೂಡಲೇ ಆಲ್ಕೋಹಾಲಿಗೆ ಹಾಕುತ್ತಾರೆ, ಅದು ಡಿಎನ್‌ಎಗೆ. ಇನ್ನೊಂದು ಚೂರನ್ನು ಒಣಗಿಸುತ್ತಾರೆ, ಅದು ಅಸ್ಥಿ ನೋಡೋಕೆ. ಫಾರ್ಮಾಲಿನ್‌ನಲ್ಲಿಟ್ಟ ಹಳೆಯ ಮಾದರಿಗಳಿಂದ ಡಿಎನ್‌ಎ ತೆಗೆಯೋದು ತುಂಬ ಕಷ್ಟ. ನಮ್ಮ ಸಮುದ್ರದಲ್ಲೂ ಈ ಹುಡುಕಾಟ ಹಳೆಯದೇ. 'ಇನ್ವೆಸ್ಟಿಗೇಟರ್' ಹಡಗು ಹಿಂದೂ ಮಹಾಸಾಗರದ ಆಳದಿಂದ ಎತ್ತಿದ ಕಲ್ಲು ಹವಳಗಳನ್ನು ಪ್ರಾಣಿಶಾಸ್ತ್ರಜ್ಞ ಆಲ್ಕಾಕ್ 1898ರಲ್ಲೇ ವರ್ಣಿಸಿದ್ದರು. ಆಗ ಇದ್ದದ್ದು ಕಣ್ಣು, ಲೆನ್ಸು, ಕೈಯಲ್ಲಿ ಬಿಡಿಸಿದ ಚಿತ್ರ.

ಕಣ್ಣು ಎಲ್ಲಿ ತಪ್ಪುತ್ತೆ ಅಂತ ಕೇಳಿದೆ. ಅವಳು ಲೊಫೀಲಿಯಾ ಕಥೆ ಹೇಳಿದಳು. ಆಳದ ತಣ್ಣೀರಿನಲ್ಲಿ ಕಿಲೋಮೀಟರ್‌ಗಟ್ಟಲೆ ದಿಬ್ಬ ಕಟ್ಟುವ ಬಿಳಿ ಹವಳ ಅದು. ನಾರ್ವೆಯ ಹತ್ತಿರ 2002ರಲ್ಲಿ ಸಿಕ್ಕ ಒಂದು ದಿಬ್ಬ ಸುಮಾರು 35 ಕಿಲೋಮೀಟರ್ ಉದ್ದ. ಲಿನೇಯಸ್ 1758ರಲ್ಲೇ ಅದಕ್ಕೊಂದು ಹೆಸರಿಟ್ಟಿದ್ದ. ಡೆಸ್ಮೊಫಿಲಮ್ ಅಂತ ಇನ್ನೊಂದಿದೆ, ಬಟ್ಟಲಿನ ಹಾಗೆ ಒಂಟಿಯಾಗಿ ನಿಂತಿರುತ್ತದೆ. ಒಂದು ಪೊದೆ, ಒಂದು ಬಟ್ಟಲು. ನೋಡಿದವರು ಸಂಬಂಧವೇ ಇಲ್ಲ ಅನ್ನುತ್ತಾರೆ. ಡಿಎನ್‌ಎ ನೋಡಿದರೆ ಎರಡೂ ತೀರಾ ಹತ್ತಿರದ ಬಳಗ. 2016ರಲ್ಲಿ ಲೊಫೀಲಿಯಾವನ್ನು ಡೆಸ್ಮೊಫಿಲಮ್ ಕುಲಕ್ಕೆ ಸೇರಿಸಿದರು.

ಬಿದಿರು ಹವಳದ್ದು ಇದರ ಉಲ್ಟಾ. ಗಿಣ್ಣಿರುವ ಹವಳಗಳೆಲ್ಲ ಒಂದೇ ಕುಟುಂಬ ಅಂತ ಇಟ್ಟಿದ್ದರು. ಡಿಎನ್‌ಎ ಹೇಳಿತು: ಗಿಣ್ಣು ಬೇರೆ ಬೇರೆ ವಂಶಗಳಲ್ಲಿ ತಾನೇತಾನಾಗಿ ಹುಟ್ಟಿಕೊಂಡಿದೆ. ಈಗ ಅವನ್ನು ಬೇರೆ ಬೇರೆ ಕುಟುಂಬಗಳಾಗಿ ಒಡೆದಿದ್ದಾರೆ. 2022ರಲ್ಲಂತೂ ಇಡೀ ಆಕ್ಟೋಕೋರಲ್ ವರ್ಗವನ್ನೇ ಡಿಎನ್‌ಎ ಆಧಾರದ ಮೇಲೆ ಎರಡು ಗಣಗಳಾಗಿ ಹೊಸದಾಗಿ ಜೋಡಿಸಿದರು.

ಸಂಜೆ ಜೆಲ್‌ನಲ್ಲಿ ಅಜ್ಜಿಯ ಹವಳದ ಗೆರೆ ಕಂಡಿತು. ತೆಳು, ಆದರೆ ಸ್ಪಷ್ಟ. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಎರಡೂ ಮಣಿಯ ಡಿಎನ್‌ಎಯ ಅಕ್ಷರಗಳನ್ನು ಓದಿಸಲು ಕಳಿಸಿದೆವು.

ಐದನೇ ದಿನ, ಶುಕ್ರವಾರ

ಲ್ಯಾಬಿನಲ್ಲಿ ನನಗೆ ಕೆಲಸ ಇರಲಿಲ್ಲ. ಬೆಳಿಗ್ಗೆ ಅಕ್ಕನ ಜೊತೆ ಲಾಲ್‌ಬಾಗಿಗೆ ಹೋದೆ. ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿ ಕೂತೆವು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೆಡಿಟರೇನಿಯನ್ನಿನ ಕೆಂಪು ಹವಳ ಒಂದು ಸಾವಿರ ಮೀಟರ್ ಆಳದಲ್ಲೂ ಸಿಕ್ಕಿದೆ. ನಾವು ಕೂತ ಜಾಗ ಕಡಲಿಗಿಂತ ಎಷ್ಟು ಮೇಲೆ ಇತ್ತೋ, ಹೆಚ್ಚುಕಡಿಮೆ ಅಷ್ಟೇ ಕೆಳಗೆ. ಅಕ್ಕನಿಗೆ ಹೇಳಿದೆ. ಅವಳು ಬಂಡೆಯ ಮೇಲೆ ಅಂಗೈ ಊರಿ ಸುಮ್ಮನೆ ಕೂತಳು.

ಮಧ್ಯಾಹ್ನ ಕರಿಮಣಿ ಪೋಣಿಸಲು ದಾರ ತರೋಕೆ ಪೇಟೆಗೆ ಹೋದಾಗ ಒಂದು ಪೂಜಾ ಸಾಮಗ್ರಿ ಅಂಗಡಿಯಲ್ಲಿ ಕಂಡದ್ದು ನನ್ನನ್ನು ಅಲ್ಲೇ ನಿಲ್ಲಿಸಿತು. ಗಾಜಿನ ಫ್ರೇಮಿನೊಳಗೆ ಕಪ್ಪು ಬಲೆಯಂಥದ್ದು. "ಇಂದ್ರಜಾಲದ ಬೇರು ಮೇಡಂ, ಬಾಗಿಲಿಗೆ ಹಾಕಿದ್ರೆ ದೃಷ್ಟಿ ತಾಗಲ್ಲ" ಅಂದ ಹುಡುಗ.

ಅದು ಬೇರಲ್ಲ. ಒಣಗಿದ ಸಮುದ್ರ ಬೀಸಣಿಗೆ, ಆಕ್ಟೋಕೋರಲ್. ಇಂದ್ರಜಾಲ ಅಂತ ಕಪ್ಪು ಹವಳವನ್ನೂ ಮಾರುತ್ತಾರೆ. ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಮಾರುವಂತಿಲ್ಲ. ಕಪ್ಪು ಹವಳಗಳಲ್ಲಿ ಒಂದು, ಹವಾಯಿಯ ಆಳದ್ದು, 4,000 ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು ಅಂತ ರೇಡಿಯೋಕಾರ್ಬನ್ ಲೆಕ್ಕದಿಂದ ಗೊತ್ತಾಗಿದೆ. ಹುಡುಗನಿಗೆ ಮೆಲ್ಲಗೆ ಹೇಳಿದೆ, ಇದು ಪ್ರಾಣಿ ಕಣಪ್ಪಾ, ಬೇರಲ್ಲ. ಅವನು ನಂಬಲಿಲ್ಲ. "ಬೇರು ಅಂತಾನೇ ಕಳಿಸ್ತಾರೆ" ಅಂದ. ಅವನ ತಪ್ಪಲ್ಲ. ಅವನಿಗೆ ಯಾರೂ ಹೇಳಿಲ್ಲ. ಅಲ್ಲಿಂದ ಬಂದವಳು ಅರಣ್ಯ ಇಲಾಖೆಗೆ ಒಂದು ಪತ್ರ ಬರೆದೆ.

ಇಂಥ ಕಡೆ ಡಿಎನ್‌ಎ ಬೇಕೇ ಬೇಕು. ಕಾನೂನು ಪ್ರಭೇದದ ಹೆಸರು ಕೇಳುತ್ತದೆ. ಬೆಲೆಬಾಳುವ ಹವಳಗಳಲ್ಲಿ ನಾಲ್ಕು ಪ್ರಭೇದಗಳನ್ನು 2008ರಲ್ಲಿ ಚೀನಾದ ಕೋರಿಕೆಯಂತೆ ಸೈಟ್ಸ್ ಅನ್ನುವ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ ಮೂರನೇ ಪಟ್ಟಿಗೆ ಸೇರಿಸಿದರು. ಮೆಡಿಟರೇನಿಯನ್ನಿನದ್ದು ಅದರಲ್ಲಿಲ್ಲ. ಮಣಿ ಮಾಡಿ ಪಾಲಿಶ್ ಹಾಕಿದ ಮೇಲೆ ಯಾವುದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋದು ಹೇಗೆ?

ಆರನೇ ದಿನ, ಶನಿವಾರ

ಬೆಳಿಗ್ಗೆ ಹತ್ತಕ್ಕೇ ಲ್ಯಾಬಿಗೆ ಹೋದೆ. ಪರದೆಯ ಮೇಲೆ ನಾಲ್ಕು ಬಣ್ಣದ ಅಲೆಗಳು. ಎ, ಟಿ, ಜಿ, ಸಿ. ಹುಡುಗಿ ಕೆಲವು ಅಕ್ಷರಗಳನ್ನು ಕೈಯಾರೆ ಸರಿಪಡಿಸಿ, ಜೀನ್‌ಬ್ಯಾಂಕ್ ಅನ್ನುವ ಡಿಎನ್‌ಎ ದಾಖಲೆಗಳ ಭಂಡಾರದಲ್ಲಿರುವ ಅಕ್ಷರಮಾಲೆಗಳ ಜೊತೆ ಹೋಲಿಸಲು ಕೊಟ್ಟಳು.

ಅಜ್ಜಿಯ ಹವಳ: ಕೊರಾಲಿಯಮ್ ರುಬ್ರಮ್. ಮೆಡಿಟರೇನಿಯನ್ ಸಮುದ್ರದ್ದು. ಸಿಕ್ಕ ಅಕ್ಷರಗಳಲ್ಲಿ ಒಂದೂ ತಪ್ಪಲಿಲ್ಲ. ಜಪಾನಿನ ಕಡೆಯವುಗಳಿಗೆ ಹೋಲಿಸಿದರೆ ಅಲ್ಲಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ನಮ್ಮವರಿಗೆ ಹವಳದ ಮೇಲೆ ಎಷ್ಟು ಆಸೆ ಅಂತ ರೋಮಿನ ಪ್ಲಿನಿ 1ನೇ ಶತಮಾನದಲ್ಲೇ ಬರೆದಿದ್ದ. ಅದೇ ಕಡಲಿನ ಒಂದು ಕೊಂಬೆ, ಯಾರ್ಯಾರದೋ ಕೈ ದಾಟಿ, ಕುಮಟಾದ ಒಂದು ಕರಿಮಣಿಗೆ ಬಂದು ಸೇರಿದೆ. ಆ ಕೊಂಬೆ ವರ್ಷಕ್ಕೆ ಅರ್ಧ ಮಿಲಿಮೀಟರೂ ದಪ್ಪವಾಗುವುದಿಲ್ಲ. ನಮ್ಮ ಮಣಿಯಷ್ಟು ಆಗಬೇಕಾದರೆ ಕಡಿಮೆಯೆಂದರೂ ಹದಿನೈದಿಪ್ಪತ್ತು ವರ್ಷ.

ಆಮೇಲೆ ಹೊಳೆಯುವ ಮಣಿ. ಅದು ಹೋಗಿ ಸೇರಿದ್ದು ಆಳ ಸಮುದ್ರದ ಬಿದಿರು ಹವಳಗಳ ಕುಟುಂಬಕ್ಕೆ, ಕೆರಟೋಐಸಿಡಿಡೇ. ಕಡಿಮೆ ಆಳದಲ್ಲಿ ಸಿಗುವ ಗಿಣ್ಣಿನ ಹವಳ ಅಲ್ಲ. ಆದರೆ ಪ್ರಭೇದ? ಪಟ್ಟಿಯಲ್ಲಿ ಬೇರೆ ಬೇರೆ ಹೆಸರಿನ ಹಲವು ಹವಳಗಳು ನಮ್ಮ ಮಣಿಗೆ ಒಂದೇ ರೀತಿ ಹೊಂದುತ್ತಿದ್ದವು. ನಾನು ಹುಡುಗಿಯ ಮುಖ ನೋಡಿದೆ.

"ಇದೇ ನಮ್ಮ ಕಷ್ಟ ಮೇಡಂ." 2003ರಲ್ಲಿ ಪಾಲ್ ಹೆಬರ್ಟ್ ಮತ್ತು ಜೊತೆಗಾರರು ಒಂದೇ ಜೀನಿನ ಸುಮಾರು 650 ಅಕ್ಷರ ಓದಿ ಪ್ರಾಣಿಯ ಪ್ರಭೇದ ಹೇಳಬಹುದು ಅಂದರು. ಚಿಟ್ಟೆ, ಹಕ್ಕಿ, ಮೀನು, ಎಲ್ಲದರಲ್ಲೂ ಅದು ಚೆನ್ನಾಗಿ ನಡೆಯಿತು. ಹವಳದಲ್ಲಿ ನಡೆಯಲಿಲ್ಲ. ಹವಳಗಳ ಮೈಟೋಕಾಂಡ್ರಿಯಾದ ಡಿಎನ್‌ಎ ಬದಲಾಗುವುದು ಬಹಳ ನಿಧಾನ, ಬೇರೆ ಪ್ರಾಣಿಗಳಿಗಿಂತ ಹತ್ತಾರು ಪಟ್ಟು ನಿಧಾನ. ಎರಡು ಪ್ರಭೇದ ಬೇರೆಯಾಗಿ ಲಕ್ಷಾಂತರ ವರ್ಷ ಆಗಿದ್ದರೂ ಈ ಜೀನಿನಲ್ಲಿ ಒಂದು ಅಕ್ಷರವೂ ಬದಲಾಗದೆ ಇರಬಹುದು. ಮ್ಯೂಟ್‌ಎಸ್ ಸ್ವಲ್ಪ ವಾಸಿ, ಆದರೂ ಸಾಲದು. ಅದಕ್ಕೇ ಈಗ ಜೀವಕೋಶದ ಕೇಂದ್ರದಲ್ಲಿರುವ ನೂರಾರು ಜೀನುಗಳನ್ನು ಒಟ್ಟಿಗೆ ಹಿಡಿದು ಓದುತ್ತಾರೆ. ಅದಕ್ಕೆ ಚೆನ್ನಾಗಿ ಉಳಿದ ಡಿಎನ್‌ಎ ಬೇಕು. ಬಣ್ಣದಲ್ಲಿ ಅದ್ದಿದ ಮಣಿಯಲ್ಲಿ ಅದು ಸಿಗುವುದಿಲ್ಲ.

"ಮೇಲಾಗಿ ಈ ಕುಟುಂಬದಲ್ಲಿ ಹೆಸರೇ ಇಡದ ಪ್ರಭೇದಗಳು ಬೇಕಾದಷ್ಟಿವೆ" ಅಂದಳು. "ನಿಮ್ಮ ಮಣಿ ಅವುಗಳಲ್ಲಿ ಒಂದಿರಬಹುದು."

ಬಿದಿರು ಹವಳ ಬೆಳೆಯುವುದೂ ಬಹಳ ನಿಧಾನ. ನೂರು ವರ್ಷ ದಾಟಿ ಬದುಕಿದವು ಎಷ್ಟೋ. ಕತ್ತಲಲ್ಲಿ, ತಣ್ಣೀರಿನಲ್ಲಿ, ಮುಟ್ಟಿದರೆ ನೀಲಿಯಾಗಿ ಬೆಳಗುತ್ತಾ. ಅದನ್ನು ಯಾರೋ ಬಲೆ ಎಳೆದು ಕಿತ್ತು, ತುಂಡು ಮಾಡಿ, ಬಣ್ಣ ಹಾಕಿ, ಜಾತ್ರೆಯಲ್ಲಿ ಕಡಿಮೆ ಬೆಲೆಗೆ ಮಾರಿದ್ದಾರೆ. ನಮ್ಮ ಮನೆಯಲ್ಲಿ ಇಷ್ಟು ದಿನ ಅದಕ್ಕೆ ನಕಲಿ ಅಂತ ಹೆಸರು. ನನಗೆ ಅಸಲಿ ಹವಳದ ಫಲಿತಾಂಶಕ್ಕಿಂತ ಇದೇ ಜಾಸ್ತಿ ತಟ್ಟಿತು.

ಮಧ್ಯಾಹ್ನ ನಗರ್ತಪೇಟೆಗೆ ಹೋಗಿ ಕರಿಮಣಿ ಪೋಣಿಸಿಕೊಂಡೆ. ಒಡೆದ ಹವಳದ ದೊಡ್ಡ ಹೋಳಿಗೆ ಚಿನ್ನದ ಟೊಪ್ಪಿಗೆ ಹಾಕಿ, ಒಂದೇ ಬದಿಗೆ ಕೂರಿಸಿದರು. ಇನ್ನೊಂದು ಬದಿಗೆ ಬರೀ ಕರಿಮಣಿ ಇರಲಿ ಅಂದೆ. ಪೋಣಿಸುತ್ತಿದ್ದವರು ಬಣ್ಣದ ಮಣಿಯನ್ನು ಬೆರಳಲ್ಲಿ ಹಿಡಿದು, "ಇದು ಬೇಡ ಅಲ್ವಾ ಅಮ್ಮ? ನಕಲಿ" ಅಂದರು. ಕೊಡಿ ಅಂತ ಇಸಿದುಕೊಂಡೆ.

ಸಂಜೆ ಯಶವಂತಪುರದಲ್ಲಿ ರೈಲು ಹತ್ತಿದ ಮೇಲೆ ಅಮ್ಮನ ಫೋನ್. "ಯಾವ್ದು ಅಸಲಿ?" ಹಳೆಯದು ಇಟಲಿ ಕಡೆಯ ಸಮುದ್ರದ್ದು ಅಂದೆ. "ಮತ್ತೆ ಇನ್ನೊಂದು?" ಅಂತ ಕೇಳಿದರು. ನೀಲಿ ಬೆಳಕಿನ ಕಥೆಯಿಂದ ಶುರು ಮಾಡಿದೆ. ನೆಲಮಂಗಲ ದಾಟಿದರೂ ಮುಗಿಯಲಿಲ್ಲ. ಅಮ್ಮ ನಡುವೆ ಒಂದೇ ಸಲ ಮಾತಾಡಿದರು. "ಅದಕ್ಕೆ ನೋವಾಗುತ್ತಿತ್ತಾ?" ಗೊತ್ತಿಲ್ಲಮ್ಮ ಅಂದೆ.

ಹುಡುಗಿ ಒಂದು ಪುಟ್ಟ ಗಾಜಿನ ಬಾಟಲಿ ಕೊಟ್ಟು ಕಳಿಸಿದ್ದಳು. ಬಣ್ಣದ ಮಣಿಯನ್ನು ಅದಕ್ಕೆ ಹಾಕಿದೆ. ರಜೆ ಮುಗಿದ ಮೇಲೆ ಕಾಲೇಜಿನ ಲ್ಯಾಬಿನ ಕಪಾಟಿನಲ್ಲಿ ಇಡಬೇಕು. ರೈಲಿನ ಅಲುಗಾಟದಲ್ಲೇ ಚೀಟಿ ಬರೆದೆ: ಬಿದಿರು ಹವಳ, ಆಳ ಸಮುದ್ರ. ಕುಟುಂಬ: ಕೆರಟೋಐಸಿಡಿಡೇ. ಪ್ರಭೇದ ಅಂತ ಬರೆದು, ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟೆ.